ಶ್ರೀಕಂಠಯ್ಯನವರು ಕರ್ಪೂರ ಬಿಟ್ಟದ್ದು

ಶ್ರೀರಂಗಪಟ್ಟಣದ ಕೋಟೆಯೊಳಗೆ ಇಂದಿರಮ್ಮನ ಬತ್ತಿ ಎಂದರೆ ಅದಕ್ಕೊಂದು ಹೆಸರಿತ್ತು. ಬತ್ತಿ ಹೊಸೆಯುವುದೇನು ಮಹಾ ವಿದ್ಯೆ, ಹತ್ತಿ ಇದ್ದವರೆಲ್ಲ ಹೊಸೆಯುತ್ತಾರೆ ಎಂದು ಯಾರಾದರೂ ಅಂದರೆ, ಅವರು ಆಕೆ ಹೊಸೆದದ್ದನ್ನು ನೋಡಿಲ್ಲ ಎಂದೇ ಅರ್ಥ. ಬೀಜ ತೆಗೆದ ಹತ್ತಿಯನ್ನು ಬಿಡಿಸಿ, ಬೆರಳಿಗೆ ಒಂದಿಷ್ಟು ಹಾಲು ಸೋಕಿಸಿಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿರುವಿದರೆ ಮುಗಿಯಿತು. ಕೆಳಗೆ ಗುಂಡಗೆ ಕೂರುವ ಪುಟ್ಟ ಬುಡ, ಮೇಲೆ ಸೂಜಿಯಂಥ ಮೊನೆ. ತುಪ್ಪದಲ್ಲಿ ಅದ್ದಿ ಹಚ್ಚಿದರೆ ಹೊಳೆಯ ಕಡೆಯ ಗಾಳಿಗೂ ಆರುತ್ತಿರಲಿಲ್ಲ.

ಮಗಳು ಅಪರ್ಣಳಿಗೆ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕರೆ ಕಾರ್ತೀಕದಲ್ಲಿ ಈಶ್ವರನಿಗೆ ಲಕ್ಷ ಬತ್ತಿ ಬೆಳಗಿಸುತ್ತೇನೆ ಎಂದು ಆಕೆ ಹರಕೆ ಹೊತ್ತಿದ್ದರು. ಕೆಲಸ ಸಿಕ್ಕಿತು, ನಾಗಮಂಗಲದ ಆಚೆ ಬಿಂಡಿಗನವಿಲೆಯಲ್ಲಿ. ಹರಕೆಯ ಬತ್ತಿಯನ್ನು ಹರಕೆ ಹೊತ್ತವಳೇ ಹೊಸೆಯಬೇಕು, ಇನ್ನೊಬ್ಬರ ಕೈ ಸೇರಿದರೆ ಫಲವೂ ಅವರಿಗೇ ಸೇರುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ಅಡುಗೆ ಮುಗಿದ ಮೇಲೆ ದಿನಾ ಕೂತು ಹೊಸೆದು, ನೂರಕ್ಕೊಂದು ಕಟ್ಟು ಮಾಡಿ, ತಗಡಿನ ಟ್ರಂಕಿನಲ್ಲಿ ಜೋಡಿಸುತ್ತಾ ಬಂದರು. ಅರವತ್ತೆರಡು ಸಾವಿರಕ್ಕೆ ಕೈ ನಿಂತುಹೋಯಿತು.

ಆಕೆಯ ಗಂಡ ಶ್ರೀಕಂಠಯ್ಯನವರು ಅದೇ ಕೋಟೆಯೊಳಗೆ ಒಂದು ಸಣ್ಣ ಈಶ್ವರನ ಗುಡಿಯ ಅರ್ಚಕರು. ಬಸ್ಸುಗಟ್ಟಲೆ ಬರುವ ಯಾತ್ರಿಕರೆಲ್ಲ ದೊಡ್ಡ ದೇವಸ್ಥಾನಕ್ಕೆ ಹೋಗುತ್ತಾರೆ. ದಾರಿ ತಪ್ಪಿದವರು, ಸೋಮವಾರದ ನೇಮದವರು, ಇಂಥವರು ಇವರಲ್ಲಿಗೆ ಬರುತ್ತಾರೆ. ತಾತ ಮಾಡಿದ ಪೂಜೆ, ಅಪ್ಪ ಮಾಡಿದ ಪೂಜೆ, ಅಣ್ಣ ಮಾಡಿದ ಪೂಜೆ, ಅಣ್ಣ ಹೋದ ಮೇಲೆ ಇವರದು. ಎರಡು ಹೊತ್ತು ಮಂಗಳಾರತಿ ಎತ್ತಿ ಎತ್ತಿ ಆ ಮನುಷ್ಯನ ಪಂಚೆ, ಜನಿವಾರ, ತಲೆಯ ನಾಲ್ಕು ಕೂದಲು, ಎಲ್ಲದಕ್ಕೂ ಕರ್ಪೂರದ ವಾಸನೆ ಹತ್ತಿಕೊಂಡಿತ್ತು. ಇನ್ನೂ ಜಗಲಿ ಹತ್ತುವ ಮೊದಲೇ ಅಡುಗೆಮನೆಯಿಂದ "ಬಂದ್ರಾ?" ಎಂದು ಇಂದಿರಮ್ಮನ ದನಿ ಬರುತ್ತಿತ್ತು. ಹಿಂದಕ್ಕೂ ತಿರುಗದೆ ಹೇಗೆ ಗೊತ್ತಾಯಿತೇ ಎಂದರೆ, ಮೂಗಿಗೆ ಗೊತ್ತಾಗತ್ತೆ ಬಿಡಿ ಎನ್ನುತ್ತಿದ್ದರು.

ಮೂರು ವರ್ಷದ ಹಿಂದಿನ ಮಾಘದಲ್ಲಿ ಶುರುವಾದದ್ದು. ಬೆಳಿಗ್ಗೆ ಎದ್ದರೆ ಬೆರಳು ಮಡಿಸಲಾಗದು, ಬಿಡಿಸಲಾಗದು. ಗೆಣ್ಣುಗಳು ಊದಿಕೊಂಡು ಕೆಂಪಗೆ ಬಿಸಿಯಾಗಿರುತ್ತಿದ್ದವು. ಬಿಸಿನೀರಿನಲ್ಲಿ ಗಂಟೆಗಟ್ಟಲೆ ಅದ್ದಿಟ್ಟುಕೊಂಡರೆ ಹನ್ನೊಂದರ ಹೊತ್ತಿಗೆ ಒಂದಿಷ್ಟು ಸಡಿಲ.

"ರೀ, ಈ ಬೆರಳಿಗೆ ಏನೋ ಆಗಿದೆ ಕಣ್ರೀ," ಎಂದರು ಇಂದಿರಮ್ಮ. "ಬೆಳಿಗ್ಗೆ ನನ್ನ ಕೈಯೇ ನನ್ನ ಮಾತು ಕೇಳಲ್ಲ."

"ಥಂಡಿ ಕಣೆ. ಈ ಚಳಿಗೆ ಯಾರ ಬೆರಳು ನೆಟ್ಟಗಿರತ್ತೆ," ಎಂದುಬಿಟ್ಟರು ಶ್ರೀಕಂಠಯ್ಯ.

ಚಳಿ ಹೋಯಿತು, ಬೇಸಿಗೆ ಬಂತು, ಬೆರಳು ಹಾಗೆಯೇ ಇತ್ತು. ಒಂದು ದಿನ ಗುಡಿಯ ಬಾಗಿಲಲ್ಲಿ ಹೂವು, ಬಿಲ್ವಪತ್ರೆ, ಕರ್ಪೂರ ಮಾರುವ ಚಿಕ್ಕಬೋರಮ್ಮ ಅವರನ್ನು ತಡೆದಳು. ಅವಳಿಗೂ ಐವತ್ತು ದಾಟಿದೆ. ಬಾಯಿ ಜೋರು, ಮನಸ್ಸು ಮೆತ್ತಗೆ.

"ಸ್ವಾಮ್ಯಾರೆ, ಅಮ್ಮಾರ ಕೈ ನೋಡ್ದೆ. ನಂಗೂ ಇಂಗೇ ಆಗಿತ್ತು ಕಣಿ. ಎರಡು ಕೈನೂ ಇಡ್ಕಂಡು, ಒಂದು ಎಳೆ ದಾರ ಎಳೆಯಕ್ಕೂ ಆಯ್ತಿರ್ನಿಲ್ಲ. ಮೈಸೂರು ದೊಡ್ಡಾಸ್ಪತ್ರೆಗೆ ಓಗಿ ತೋರಿಸ್ದೆ. ಅದ್ಯಾವ್ದೋ ವಾರಕ್ಕೊಂದು ದಿನ ನುಂಗೋ ಮಾತ್ರೆ ಕೊಟ್ಟವ್ರೆ, ಆಗಾಗ ರಕ್ತ ತಕ್ಕಂಡು ನೋಡ್ತಾರೆ. ಈಗ ನೋಡಿ, ಮೊಳಗಟ್ಲೆ ಕಟ್ತಾ ಇವ್ನಿ. ತಡ ಮಾಡ್ಬ್ಯಾಡಿ, ಕರ್ಕಂಡೋಗ್ಬುಡಿ."

"ನೋಡೋಣ ತಾಯಿ," ಎಂದು ಶ್ರೀಕಂಠಯ್ಯ ಒಳಗೆ ಹೋದರು. ನೋಡೋಣ ಎಂದರೆ ನಮ್ಮ ಕಡೆ ಇಲ್ಲ ಎಂದೇ ಅರ್ಥ.

ಇಲ್ಲ ಎನ್ನಲು ಅವರಿಗೊಂದು ಕಾರಣವಿತ್ತು. ಅವರ ಅಣ್ಣ ಮಂಡಿನೋವಿಗೆಂದು ಔಷಧಿ ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಗಳನ್ನು ವರ್ಷಾನುಗಟ್ಟಲೆ ನುಂಗಿದವರು. ನೋವು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು, ಮತ್ತೆ ನುಂಗುತ್ತಿದ್ದರು. ಕೊನೆಗೆ ಮೂತ್ರಪಿಂಡ ಎರಡೂ ಕೆಟ್ಟು, ಮೈಯೆಲ್ಲ ಬಾತು, ಗರ್ಭಗುಡಿಯ ಹೊಸ್ತಿಲು ದಾಟಲಾಗದೆ ಹೊರಗೆ ಕೂತು ಅಳುತ್ತಿದ್ದರು. ಆ ಮುಖ ಇವರ ಕಣ್ಣಿನಿಂದ ಹೋಗಿರಲಿಲ್ಲ. ಇಂಗ್ಲಿಷ್ ಔಷಧಿ ಎಂದರೆ ಅವರಿಗೆ ಅಣ್ಣನ ಬಾತುಕೊಂಡ ಕಾಲೇ ಕಾಣುತ್ತಿತ್ತು. ಹಾವು ಕಚ್ಚಿದವನು ಹಗ್ಗಕ್ಕೂ ಹೆದರುತ್ತಾನೆ, ಅವನನ್ನು ಬೈದು ಏನು ಪ್ರಯೋಜನ?

ಹಾಗಾಗಿ ಪಾಂಡವಪುರದ ಸುಶಮೀಂದ್ರ ಡಾಕ್ಟರ ಬಳಿಗೆ ಹೋದರು. ಆತ ಹೋಮಿಯೋಪತಿ ಡಾಕ್ಟರು. ಒಳ್ಳೆಯ ಮನುಷ್ಯ. ಇದನ್ನು ಈಗಲೇ ಹೇಳಿಬಿಡಬೇಕು, ಯಾಕೆಂದರೆ ಈ ವಿಷಯ ಕೇಳಿದವರೆಲ್ಲ ಮೊದಲು ಆತನನ್ನೇ ಬೈಯಲು ಬಾಯಿ ತೆರೆಯುತ್ತಾರೆ. ಬೇರೆ ಡಾಕ್ಟರುಗಳು ತಲೆ ಎತ್ತಿ ನೋಡದೆಯೇ ಚೀಟಿ ಬರೆದು ಕಳಿಸುತ್ತಾರೆ. ಈತ ಒಂದು ಗಂಟೆ ಕೂರಿಸಿಕೊಂಡು ಕೇಳಿದರು. ಬಿಸಿ ಹಿತವೋ, ತಣ್ಣಗಿದ್ದರೆ ಹಿತವೋ? ಮಳೆ ಬರುವ ಮುಂಚೆ ನೋವು ಜಾಸ್ತಿಯೋ? ಸಿಹಿ ಇಷ್ಟವೋ, ಉಪ್ಪು ಇಷ್ಟವೋ?

"ಸಿಹಿ ನಂಗಾಗಲ್ಲ ಡಾಕ್ಟ್ರೇ. ಪಾಯಸ ಅಂದ್ರೆ ಮೊದಲಿಂದ್ಲೂ ಅಷ್ಟಕ್ಕಷ್ಟೇ," ಎಂದರು ಇಂದಿರಮ್ಮ.

ಶ್ರೀಕಂಠಯ್ಯ ಬೆಪ್ಪಾದರು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಪ್ರತಿ ಸೋಮವಾರ ನೈವೇದ್ಯದ ಪಾಯಸ ತಂದು, ಇವಳಿಗೆ ಇಷ್ಟ ಎಂದುಕೊಂಡು ಎರಡು ಸೌಟು ಹೆಚ್ಚಿಗೆ ಬಡಿಸಿದವರು ಅವರು.

"ಕನಸು ಯಾವುದಾದ್ರೂ ಪದೇಪದೇ ಬೀಳತ್ತಾ?"

"ಹೊಳೆ ಬರತ್ತೆ. ನಾನು ಈ ದಡದಲ್ಲಿರ್ತೀನಿ, ಇವರು ಆ ದಡದಲ್ಲಿ. ಎಷ್ಟು ಕೂಗಿದ್ರೂ ಕೇಳಿಸಲ್ಲ."

"ಯಾವುದಕ್ಕಮ್ಮ ನಿಮಗೆ ಹೆದರಿಕೆ?"

ಇಂದಿರಮ್ಮ ತಮ್ಮ ಬೆರಳುಗಳ ಕಡೆ ನೋಡಿಕೊಂಡರು. ಆಮೇಲೆ, "ನನ್ನ ಕೆಲಸ ಇನ್ನೊಬ್ರ ಕೈಲಿ ಮಾಡಿಸ್ಕೊಳ್ಳೋ ಹಾಗಾದ್ರೆ, ಅದಕ್ಕೆ," ಎಂದರು.

ಡಾಕ್ಟರು ಅದನ್ನೂ ಬರೆದುಕೊಂಡರು. ಸಕ್ಕರೆ ಗುಳಿಗೆಯ ಮೂರು ಪುಟ್ಟ ಡಬ್ಬಿ ಕೊಟ್ಟರು. ಜೊತೆಗೆ ಪಥ್ಯದ ಅಚ್ಚು ಚೀಟಿ ಒಂದು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಇಂದಿರಮ್ಮನ ಮುಖವೇ ಬೇರೆಯಾಗಿತ್ತು.

"ಅರ್ಧ ನೋವು ಅಲ್ಲೇ ಹೋಯ್ತು ಕಣ್ರೀ. ಹುಟ್ಟಿದಾಗಿನಿಂದ ನನ್ನ ಇಷ್ಟೊಂದು ಯಾರೂ ಕೇಳಿರಲಿಲ್ಲ," ಎಂದರು.

ಪಥ್ಯದ ಚೀಟಿಯಿಂದ ತಿನ್ನುವ ಕುಡಿಯುವ ಪದಾರ್ಥಗಳನ್ನಷ್ಟೇ ಶ್ರೀಕಂಠಯ್ಯ ಹೆಂಡತಿಗೆ ಓದಿ ಹೇಳಿದರು, ಮೊದಲು ಇದ್ದದ್ದೇ ಕಾಫಿ. ಆ ಮನೆಯಲ್ಲಿ ಕಾಫಿ ನಿಲ್ಲಿಸುವುದೆಂದರೆ ತಮಾಷೆಯ ಮಾತಲ್ಲ. ಬೆಳಿಗ್ಗೆ ಡಿಕಾಕ್ಷನ್ ಇಳಿಯದೆ ಸೂರ್ಯ ಹುಟ್ಟಿದ್ದಾನೆಂದು ನಂಬದ ಮನೆ ಅದು. ಆದರೂ ಇಂದಿರಮ್ಮ ಫಿಲ್ಟರನ್ನು ತೊಳೆದು ಅಟ್ಟಕ್ಕೆ ಹಾಕಿದರು, ಜೀರಿಗೆ ಕಷಾಯ ಕುಡಿದರು. ಸಾರಿಗೆ ಇಂಗು ನಿಂತಿತು. ಈರುಳ್ಳಿ ಬೆಳ್ಳುಳ್ಳಿ ಆ ಮನೆಯಲ್ಲಿ ಮೊದಲೇ ಇರಲಿಲ್ಲ. ಮೂರು ತಿಂಗಳಲ್ಲಿ ಊತ ಇಳಿಯಿತು. ಮತ್ತೆ ಹತ್ತಿ ಹಿಡಿದು, ನಿಧಾನವಾಗಿ, ದಿನಕ್ಕೆ ಇಪ್ಪತ್ತು ಮೂವತ್ತು ಬತ್ತಿ ಹೊಸೆದರು. ಶ್ರೀಕಂಠಯ್ಯ ಚಿಕ್ಕಬೋರಮ್ಮನ ಮುಂದೆ ನಿಂತು, "ನೋಡಿದ್ಯಾ, ಸೂಜಿಯಿಲ್ಲ ರಕ್ತವಿಲ್ಲ, ಬರೀ ಸಕ್ಕರೆ ಗುಳಿಗೆ," ಎಂದು ಬೀಗಿದರು.

ಈ ಕಾಯಿಲೆ ಹಾಗೆಯೇ, ಹೊಳೆ ನೀರಿನ ಹಾಗೆ ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮರುವರ್ಷ ಆಷಾಢದ ಗಾಳಿ ಎದ್ದ ಹೊತ್ತಿಗೆ ಮತ್ತೆ ಊದಿಕೊಂಡಿತು. ಈ ಸಲ ಮಣಿಕಟ್ಟೂ ಸೇರಿ.

"ನಡುವೆ ಪಥ್ಯ ಏನಾದ್ರೂ ತಪ್ಪಿತಾ?" ಎಂದು ಕೇಳಿದರು ಸುಶಮೀಂದ್ರ ಡಾಕ್ಟರು.

"ಒಂದು ತೊಟ್ಟು ಕಾಫಿ ಕುಡಿದಿಲ್ಲ ಡಾಕ್ಟ್ರೇ," ಎಂದರು ಇಂದಿರಮ್ಮ, ತಪ್ಪು ಮಾಡಿದವರ ದನಿಯಲ್ಲಿ.

ವಾಪಸು ಬರುವ ಬಸ್ಸಿನಲ್ಲಿ ಆಕೆ ಕಿಟಕಿಗೆ ಒರಗಿ ಕಣ್ಣು ಮುಚ್ಚಿದ್ದರು. ಶ್ರೀಕಂಠಯ್ಯ ಜೇಬಿನಿಂದ ಆ ಚೀಟಿ ತೆಗೆದು ಮತ್ತೊಮ್ಮೆ ಓದಿದರು. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಇಂಗು, ಪುದೀನ, ಕರ್ಪೂರ, ಇವುಗಳನ್ನು ವರ್ಜಿಸತಕ್ಕದ್ದು. ಇವುಗಳ ವಾಸನೆಯಿಂದಲೂ ಔಷಧದ ಗುಣ ನಾಶವಾಗುತ್ತದೆ. ಕಿರಂಗೂರು ಬರುವ ತನಕ ಆ ಒಂದು ಪದದ ಮೇಲೆ ಅವರ ಕಣ್ಣು ನಿಂತೇ ಇತ್ತು. ಚೀಟಿ ಹಿಡಿದಿದ್ದ ಅವರ ಕೈಗೇ ಆ ವಾಸನೆ ಇತ್ತು.

ಹೆಂಡತಿ ಕಾಫಿ ಬಿಟ್ಟು ಕಷಾಯ ಕುಡಿಯುತ್ತಿದ್ದಾಳೆ, ನಾನು ಎರಡು ಹೊತ್ತು ಮೈತುಂಬ ಕರ್ಪೂರ ಹೊತ್ತು ಮನೆಗೆ ಬಂದು ಅವಳ ಔಷಧಿ ಕೆಡಿಸುತ್ತಿದ್ದೇನೆ. ಇದು ಅವರ ಎದೆಗೆ ನಾಟಿಬಿಟ್ಟಿತು. ಬೆರಳು ಊದಿದ್ದಕ್ಕೆ, ಮಣಿಕಟ್ಟು ನೋಯುವುದಕ್ಕೆ, ಎಲ್ಲದಕ್ಕೂ ತಾನೇ ಕಾರಣ ಎಂದು ಲೆಕ್ಕ ಹಾಕಿಕೊಂಡರು.

ಹೆಂಡತಿಗೆ ಹೇಳಲಿಲ್ಲ. ಹೇಳಬಾರದಿತ್ತೇ? ಹೇಳಲೇಬೇಕಿತ್ತು, ಬಾಯಿ ಇದ್ದದ್ದು ಮಂತ್ರಕ್ಕೆ ಮಾತ್ರವೇ? ಆದರೆ ಇಂದಿರಮ್ಮ ಎಂಥವಳು ಎಂದು ಅವರಿಗೆ ಗೊತ್ತಿತ್ತು. ಹೇಳಿದರೆ ಆಕೆ ಗುಳಿಗೆಯ ಡಬ್ಬಿಯನ್ನು ಹೊಳೆಗೆ ಎಸೆದಾಳೇ ಹೊರತು ಶಿವನ ಆರತಿಗೆ ಅಡ್ಡ ಬರುವವಳಲ್ಲ. ಅದಕ್ಕೆ ಚೀಟಿಯನ್ನು ಪಂಚಾಂಗದೊಳಗೆ ಮಡಿಸಿಟ್ಟು, ತಮ್ಮ ಪಥ್ಯವನ್ನು ತಾವೇ ಶುರುಮಾಡಿದರು.

ಮೊದಲು ಮನೆಯ ದೇವರ ಮುಂದಿನ ಕರ್ಪೂರ ನಿಂತಿತು. "ಈಗ ಬರೋದೆಲ್ಲ ಕಲಬೆರಕೆ ಕಣೆ, ಕೆಮ್ಮು ಬರತ್ತೆ," ಎಂದರು. ಆಮೇಲೆ ಗುಡಿಯಿಂದ ಬಂದವರು ಹಿತ್ತಲಿನಿಂದ ಒಳಗೆ ಬಂದು, ಪಂಚೆ ಬಿಚ್ಚಿ ನೆನೆಹಾಕಿ, ಕಡಲೆಹಿಟ್ಟಿನಲ್ಲಿ ಕೈ ತಿಕ್ಕಿ ತಿಕ್ಕಿ ಸ್ನಾನ ಮಾಡಿ, ಆಮೇಲೂ ಆಕೆಯ ಹತ್ತಿರ ಹೋಗದೆ ನಡುಮನೆಯ ಆ ತುದಿಯಲ್ಲಿ ಕೂರುತ್ತಿದ್ದರು. ಹಾಸಿಗೆ ಜಗಲಿಯ ಕೋಣೆಗೆ ಹೋಯಿತು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ವಾಸನೆ ಉಳಿದಿದೆ ಎಂದೇ ಅವರಿಗೆ ಅನ್ನಿಸುತ್ತಿತ್ತು.

ಇತ್ತ ಇಂದಿರಮ್ಮನಿಗೆ ರವಿಕೆಯ ಗುಂಡಿ ಹಾಕಲು ಆಗದಾಯಿತು, ತಲೆ ಬಾಚಲು ಕೈ ಎತ್ತಲಾಗದಾಯಿತು. ಗಂಡನಾದವನು ಹಾಕಬಹುದಾದ ಎರಡು ಗುಂಡಿ, ಹೆಣೆಯಬಹುದಾದ ಒಂದು ಜಡೆ. ಶ್ರೀಕಂಠಯ್ಯ ತಮ್ಮ ಕೈ ನೋಡಿಕೊಂಡರು, ಪಕ್ಕದ ಮನೆಯ ಸೊಸೆ ರಂಜಿತಳಿಗೆ ಹೇಳಿ ದಿನಾ ಬೆಳಿಗ್ಗೆ ಬರುವ ಹಾಗೆ ಮಾಡಿದರು. ಒಳ್ಳೆಯ ಹುಡುಗಿ, ಬೇಸರಿಸದೆ ಬರುತ್ತಿದ್ದಳು. ಇಂದಿರಮ್ಮ ತಲೆ ಬಗ್ಗಿಸಿಕೊಂಡು ಅವಳ ಮುಂದೆ ಕೂರುತ್ತಿದ್ದರು. ಶ್ರೀಕಂಠಯ್ಯ ಬಾಗಿಲ ಆಚೆ ನಿಂತಿರುತ್ತಿದ್ದರು. ಆಕೆ ಇತ್ತೀಚೆಗೆ ಯಾವಾಗಲೂ ಎರಡು ಕೈಯನ್ನೂ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿರುವುದನ್ನು ಕಂಡು, ಪಾಪ, ಚಳಿ ಆಗುತ್ತಿರಬೇಕು ಎಂದುಕೊಂಡರು.

ಭಾನುವಾರ ಅಪರ್ಣ ಬಂದಾಗ ಅಪ್ಪನನ್ನು ಹಿತ್ತಲಿಗೆ ಕರೆದಳು.

"ಅಪ್ಪ, ನಾನು ರಜ ಹಾಕ್ತೀನಿ. ಅಮ್ಮನ್ನ ಮೈಸೂರಿಗೆ ಕರ್ಕೊಂಡು ಹೋಗೋಣ."

"ನಿಮ್ಮ ದೊಡ್ಡಪ್ಪನ್ನೂ ಕರ್ಕೊಂಡು ಹೋಗಿದ್ವಲ್ಲ."

"ದೊಡ್ಡಪ್ಪ ಯಾವ ಡಾಕ್ಟ್ರನ್ನೂ ಕೇಳದೆ ಅಂಗಡೀಲಿ ಕೊಟ್ಟಿದ್ದನ್ನ ನುಂಗಿದ್ರು ಅಪ್ಪ. ಅದೇ ಬೇರೆ, ಇದೇ ಬೇರೆ."

"ಇನ್ನೊಂದು ಆರು ತಿಂಗಳು ನೋಡೋಣ ಮಗು. ಇದುವರೆಗೂ ಪಥ್ಯ ಸರಿಯಾಗಿರಲಿಲ್ಲ. ಈಗ ಸರಿಯಾಗಿದೆ."

"ಯಾವ ಪಥ್ಯ?"

ಶ್ರೀಕಂಠಯ್ಯ ಬಾವಿಯ ರಾಟೆ ನೋಡುತ್ತಾ ನಿಂತರು. ಅಪರ್ಣ ಇನ್ನೂ ಎರಡು ಸಲ ಕೇಳಿದಳು. ಆಮೇಲೆ ಒಳಗೆ ಹೋಗಿ ಅಮ್ಮನ ತಲೆಗೆ ಎಣ್ಣೆ ಹಚ್ಚಿದಳು.

ಆರು ತಿಂಗಳಲ್ಲಿ ಕಡಿಮೆಯಾಗಲಿಲ್ಲ. ಹಾಗಾದರೆ ಇನ್ನೂ ಎಲ್ಲೋ ವಾಸನೆ ಸೋರುತ್ತಿದೆ ಎಂದುಕೊಂಡರು. ಕಳೆದ ಕಾರ್ತೀಕದ ಮೊದಲ ಸೋಮವಾರ ಅಣ್ಣನ ಮಗ ನಾಗೇಂದ್ರನನ್ನು ಕರೆದು, "ನನಗೆ ಮಂಡಿ ನೋವು ಕಣೋ, ನಿಲ್ಲೋಕಾಗಲ್ಲ. ಪೂಜೆ ನೀನು ವಹಿಸ್ಕೋ," ಎಂದು ಗುಡಿಯ ಬೀಗದ ಕೈ ಅವನ ಕೈಗೆ ಹಾಕಿದರು. ಕೆ.ಆರ್. ಪೇಟೆಯಲ್ಲಿ ಕಚೇರಿ ಕೆಲಸದಲ್ಲಿರುವ ನಾಗೇಂದ್ರ ಬೆಳಿಗ್ಗೆ ಪೂಜೆ ಮುಗಿಸಿ ಬಸ್ಸು ಹಿಡಿಯುತ್ತಾನೆ. ಚಿಕ್ಕಪ್ಪನ ಮಂಡಿಯನ್ನು ಒಂದು ಸಲ ನೋಡಿದ, ಮುಖವನ್ನು ಒಂದು ಸಲ ನೋಡಿದ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ತಾತನ ಕಾಲದಿಂದ ಬಂದದ್ದನ್ನು ಹಾಗೆ ಬಿಟ್ಟುಕೊಟ್ಟರು. ಬಿಟ್ಟ ಮೇಲೂ ಕಾಲು ಕೇಳಬೇಕಲ್ಲ, ಅಭಿಷೇಕದ ಹೊತ್ತಿಗೆ ಗುಡಿಯ ಮುಂದಿನ ಬಿಲ್ವದ ಕಟ್ಟೆಗೆ ಬಂದು ಕೂರುತ್ತಿದ್ದರು. ಒಳಗೆ ಮಂಗಳಾರತಿಯ ಗಂಟೆ ಶುರುವಾದ ಕೂಡಲೇ ಎದ್ದು, ಹೊಗೆ ತಾಗದ ಹಾಗೆ ಹೊಳೆಯ ಕಡೆಗೆ ನಡೆದುಬಿಡುತ್ತಿದ್ದರು.

"ಅಲ್ಲ ಸ್ವಾಮ್ಯಾರೆ, ಸರಿಯಾಗಿ ಮಂಗ್ಳಾರ್ತಿ ಒತ್ಗೆ ಎದ್ದೋಯ್ತೀರಲ್ಲ. ಸಿವನ ಮ್ಯಾಲೆ ಮುನಿಸ್ಕಂಡಿದ್ದೀರಾ?" ಎಂದು ಕೇಳಿದಳು ಚಿಕ್ಕಬೋರಮ್ಮ. ಅವರು ಹೊಳೆಯ ಕಡೆ ಹೆಜ್ಜೆ ಹಾಕಿದರು.

ಈಗ ಆ ಮನೆಯಲ್ಲಿ ಕಾಫಿ ಇಲ್ಲ, ಇಂಗಿಲ್ಲ, ಕರ್ಪೂರವಿಲ್ಲ. ಗುಳಿಗೆ ಒಂದು ಹೊತ್ತೂ ತಪ್ಪಲಿಲ್ಲ. ಇಷ್ಟೆಲ್ಲ ಮಾಡಿಯೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಶಿವರಾತ್ರಿಯ ಹೊತ್ತಿಗೆ ಇಂದಿರಮ್ಮನ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು. ಹೆಬ್ಬೆರಳು ತೋರುಬೆರಳು ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಲೋಟವನ್ನು ಎರಡು ಮಣಿಕಟ್ಟಿನ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದರು. ಒಂದು ಮಧ್ಯಾಹ್ನ ಟ್ರಂಕಿನ ಮುಚ್ಚಳ ತೆರೆಯಲು ಹೋಗಿ, ಆಗದೆ, ಅದರ ಮೇಲೆಯೇ ತಲೆಯಿಟ್ಟು ಕೂತಿದ್ದರು. ಬಾಗಿಲಲ್ಲಿ ನಿಂತಿದ್ದ ಶ್ರೀಕಂಠಯ್ಯನವರಿಗೆ ಒಂದು ಹೆಜ್ಜೆ ಮುಂದಿಡುವ ಧೈರ್ಯ ಬರಲಿಲ್ಲ. ಬಿಡುವುದಕ್ಕೆ ಅವರ ಬಳಿ ಇನ್ನೇನೂ ಉಳಿದಿರಲಿಲ್ಲ.

ಮರುದಿನ ಒಬ್ಬರೇ ಪಾಂಡವಪುರಕ್ಕೆ ಹೋದರು.

"ಡಾಕ್ಟ್ರೇ, ಕರ್ಪೂರ ಪೂರ್ತಿ ಬಿಟ್ಟು ನಾಲ್ಕು ತಿಂಗಳಾಯ್ತು," ಎಂದರು ಕೂರುವ ಮೊದಲೇ. "ಗುಡಿ ಪೂಜೇನೇ ಬಿಟ್ಟೆ. ಅವಳ ಹತ್ತಿರ ಹೋಗದೆ ಎರಡು ವರ್ಷ ಆಗ್ತಾ ಬಂತು. ಇನ್ನೂ ಯಾಕೆ ಔಷಧಿ ಹಿಡೀತಿಲ್ಲ? ನಾನು ಇನ್ನೇನು ಬಿಡ್ಲಿ, ಹೇಳಿ."

ಸುಶಮೀಂದ್ರ ಡಾಕ್ಟರು ಕನ್ನಡಕ ತೆಗೆದರು.

"ಪೂಜೆ ಬಿಟ್ರಾ? ಯಾರು ಹೇಳಿದ್ರು ನಿಮಗೆ ಬಿಡಿ ಅಂತ?"

"ನಿಮ್ಮ ಚೀಟೀಲೇ ಇದೆಯಲ್ಲ."

ಡಾಕ್ಟರು ಮೇಜಿನ ಮೇಲಿದ್ದ ಚೀಟಿಯ ಕಟ್ಟಿನಿಂದ ಒಂದನ್ನು ಎಳೆದು, ಮೊದಲ ಸಲ ನೋಡುವವರ ಹಾಗೆ ಓದಿದರು.

"ಇದು ನಮ್ಮ ಗುರುಗಳು ಹಾಕಿಸಿದ್ದ ಚೀಟಿ ಸ್ವಾಮಿ. ಅವರು ಕೊಡ್ತಿದ್ರು ಅಂತ ನಾನೂ ಅದನ್ನೇ ಹಾಕಿಸ್ದೆ. ಡಬ್ಬಿ ಪಕ್ಕ ಕರ್ಪೂರ ಇಡಬೇಡಿ ಅನ್ನೋ ಅಷ್ಟು ಮಾತು ಅದು. ಒಬ್ಬ ಅರ್ಚಕರು ಇದನ್ನ ಓದಿ ಹೀಗೆ ಮಾಡ್ಕೋತಾರೆ ಅಂತ ನನಗೆ ಹೊಳೀಲೇ ಇಲ್ಲ." ಚೀಟಿಯನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿಯೇ ಹೇಳಿದರು, "ಅಮ್ಮನವರಿಗೆ ನನ್ನ ಕೈಲಿ ಆಗಲಿಲ್ಲ. ಕರ್ಪೂರದಿಂದಲ್ಲ. ನನ್ನ ಔಷಧಿಯಿಂದಲೇ ಆಗಲಿಲ್ಲ. ಬೆರಳು ಮೊದಲು ಓರೆಯಾದಾಗಲೇ ನಾನು ನಿಮ್ಮನ್ನ ಮೈಸೂರಿಗೆ ಕಳಿಸ್ಬೇಕಿತ್ತು. ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅಂತ ನಾನೂ ನಂಬ್ಕೊಂಡಿದ್ದೆ. ನಾಳೇನೇ ಕರ್ಕೊಂಡು ಹೋಗಿ."

ಬೈಯಬೇಕೆಂದು ಶ್ರೀಕಂಠಯ್ಯನವರಿಗೆ ಅನ್ನಿಸಿತು. ಆದರೆ ಎದುರಿಗೆ ಕೂತವನೂ ತನ್ನ ಹಾಗೆಯೇ ಕೈ ಸೋತವನು. ಕೈಮುಗಿದು ಎದ್ದು ಬಂದರು.

ಅಪರ್ಣ ರಜ ಹಾಕಿ ಬಂದಳು. ಮೈಸೂರಿನಲ್ಲಿ ಕೀಲಿನ ಕಾಯಿಲೆಗೆಂದೇ ಇರುವ ಡಾಕ್ಟರು, ಅಪರ್ಣಳ ವಯಸ್ಸಿನವಳು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ಎಷ್ಟು ವರ್ಷ ಆಯ್ತು?"

"ಮೂರು ತುಂಬಿತು," ಎಂದಳು ಅಪರ್ಣ.

"ಮೊದಲನೇ ವರ್ಷ ಬಂದಿದ್ರೆ," ಎಂದು ಶುರುಮಾಡಿ ಶ್ರೀಕಂಠಯ್ಯನವರ ಮುಖ ನೋಡಿ ನಿಲ್ಲಿಸಿದಳು. "ಇರಲಿ. ಊತ ತಗ್ಗಿಸಬಹುದು, ನೋವು ತಗ್ಗಿಸಬಹುದು. ಮಂಡಿ, ಭುಜ ಹೀಗಾಗದ ಹಾಗೆ ತಡೀಬಹುದು. ವಾರಕ್ಕೊಂದು ದಿನ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಆದ್ರೆ ಬೆರಳಿನ ಮೂಳೆ ಸವೆದುಹೋಗಿದೆ. ಅದು ಮೊದಲಿನ ಹಾಗೆ ಆಗಲ್ಲ."

"ಬತ್ತಿ ಹೊಸೆಯೋಕೆ ಆಗತ್ತಾಮ್ಮ?" ಎಂದು ಇಂದಿರಮ್ಮ ಕೇಳಿದರು. ಆಸ್ಪತ್ರೆಯಲ್ಲಿ ಆಕೆ ಆಡಿದ ಮಾತು ಅದೊಂದೇ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಅಪರ್ಣ ತನ್ನ ಎರಡು ಬೆರಳು ಸೇರಿಸಿ ಗಾಳಿಯಲ್ಲಿ ತಿರ್ರನೆ ತಿರುವಿ ತೋರಿಸಿದಳು. ಡಾಕ್ಟರು ಆ ಬೆರಳು ನೋಡಿದಳು, ಇಂದಿರಮ್ಮನ ಬೆರಳು ನೋಡಿದಳು, ಇಲ್ಲ ಎಂದು ತಲೆ ಆಡಿಸಿದಳು.

ಚಿಕ್ಕಬೋರಮ್ಮ ಹೇಳಿದ್ದ ಅದೇ ವಾರಕ್ಕೊಂದು ದಿನದ ಮಾತ್ರೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಬುದ್ಧಿ ಬಂದು ಕೂತು ಏನು ಮಾಡುತ್ತದೆ ಎಂದು ಯಾವ ಗಾದೆಯೂ ಹೇಳುವುದಿಲ್ಲ.

ಸಂಜೆ ಅಮ್ಮನನ್ನು ಮನೆ ಸೇರಿಸಿ, ಬೆಳಿಗ್ಗೆ ಶಾಲೆ ಇದೆಯೆಂದು ಅಪರ್ಣ ನಾಗಮಂಗಲದ ಬಸ್ಸು ಹಿಡಿದಳು. ಮನೆಯಲ್ಲಿ ಇಬ್ಬರೇ ಉಳಿದರು. ಇಂದಿರಮ್ಮ ಕಂಬಕ್ಕೆ ಒರಗಿ, ಕೈಗೆ ಸೆರಗು ಮುಚ್ಚಿಕೊಂಡು ಕೂತಿದ್ದರು. ಶ್ರೀಕಂಠಯ್ಯ ಅಭ್ಯಾಸಬಲದಿಂದ ಆ ತುದಿಗೇ ಹೋಗಿ ಕೂತರು. ಕೂತವರು ಎದ್ದು, ಪಂಚಾಂಗ ತೆಗೆದು, ಅದರೊಳಗಿನ ಚೀಟಿ ತಂದು, ಎರಡು ವರ್ಷದಲ್ಲಿ ಮೊದಲ ಸಲ ಹೆಂಡತಿಯ ಪಕ್ಕದಲ್ಲಿ ಕೂತರು.

"ಇದನ್ನ ಓದು," ಎಂದರು.

ಆಕೆಗೆ ಹಿಡಿಯಲಾಗದು. ಅವರೇ ಆಕೆಯ ಕಣ್ಣಿನ ಮುಂದೆ ಹಿಡಿದರು. ಇಂದಿರಮ್ಮ ಕಾಫಿಯಿಂದ ಶುರುಮಾಡಿ ಒಂದೊಂದಾಗಿ ಓದಿದರು. ಕರ್ಪೂರಕ್ಕೆ ಬಂದು ನಿಂತರು.

"ಇದಕ್ಕಾ?"

"ಹೂಂ."

"ಜಗಲಿ ಕೋಣೇಲಿ ಮಲಗಿದ್ದು?"

"ಹೂಂ."

"ಪೂಜೆ ಬಿಟ್ಟಿದ್ದು?"

ಅವರು ತಲೆ ಆಡಿಸಿದರು.

"ನಾನೇನಂದ್ಕೊಂಡಿದ್ದೆ ಗೊತ್ತಾ?" ಎಂದರು ಇಂದಿರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಈ ಕೈ ನೋಡಿದ್ರೆ ನಿಮಗೆ ಹೇಸಿಗೆ ಆಗತ್ತೆ ಅಂದ್ಕೊಂಡಿದ್ದೆ. ನಿಮಗೆ ಕಾಣಬಾರದು ಅಂತಲೇ ಸೆರಗು ಮುಚ್ಕೊಂಡು ಕೂರ್ತಿದ್ದೆ. ನನ್ನ ರವಿಕೆ ಗುಂಡಿ ಹಾಕೋಕೆ ಪಕ್ಕದ ಮನೆ ಹುಡುಗೀನ ಕರೆಸಿದ್ರಲ್ಲ, ಅವತ್ತು ಸತ್ತುಹೋಗಬಾರದಾ ಅನ್ನಿಸ್ತು. ನೋವು ತಡ್ಕೋತಿದ್ದೆ ಕಣ್ರೀ, ನೋವು ಏನು ಮಹಾ. ಒಂದು ಮಾತು ಹೇಳಬಾರದಿತ್ತಾ?"

ಶ್ರೀಕಂಠಯ್ಯ ಚೀಟಿಯನ್ನು ಕೆಳಗಿಟ್ಟರು. ಆಕೆಯ ಸೆರಗು ಸರಿಸಿ ಆ ಎರಡು ಕೈಯನ್ನೂ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಗಟ್ಟಿಯಾಗಿ ಹಿಡಿದರೆ ನೋಯುತ್ತದೆ, ಬಿಟ್ಟರೆ ನಾನೇ ಸಾಯುತ್ತೇನೆ ಎನ್ನಿಸಿತು. ಹಾಗೆಯೇ ಸ್ವಲ್ಪ ಹೊತ್ತು ಕೂತು ಅತ್ತರು. ಆಮೇಲೆ ಎದ್ದು ಗುಡಿಯ ಕಡೆ ನಡೆದರು.

ಚಿಕ್ಕಬೋರಮ್ಮ ಅಂಗಡಿ ಎತ್ತುವ ಹೊತ್ತು. ಬೆಳಿಗ್ಗೆಯ ಪೂಜೆಗೆ ಸೇವಂತಿಗೆ ಕಟ್ಟುತ್ತಿದ್ದಳು.

"ಒಂದು ಪೊಟ್ಟಣ ಕರ್ಪೂರ ಕೊಡು ತಾಯಿ."

"ಅಂತೂ ಮುನಿಸು ಮುಗೀತಾ?" ಎಂದು ಪೊಟ್ಟಣ ಕೊಟ್ಟಳು. ಆಮೇಲೆ ದನಿ ತಗ್ಗಿಸಿ, "ಅಮ್ಮಾರ್ಗೆ ಏನಂದ್ರು ಆಸ್ಪತ್ರೇಲಿ?" ಎಂದು ಕೇಳಿದಳು.

ದಾರ ಸುತ್ತಿ, ಹೂವಿಟ್ಟು, ಗಂಟು ಬಿಗಿದು, ಮತ್ತೆ ದಾರ ಸುತ್ತುತ್ತಿದ್ದ ಅವಳ ಬೆರಳುಗಳನ್ನು ಶ್ರೀಕಂಠಯ್ಯ ನೋಡುತ್ತಾ ನಿಂತರು. ಅವಳು ಅರ್ಥ ಮಾಡಿಕೊಂಡು ಹೂವಿನ ಬುಟ್ಟಿಯ ಕಡೆ ತಿರುಗಿದಳು. "ಓಗಿ ಸ್ವಾಮಿ, ಒಬ್ರೇ ಇರ್ತಾರೆ," ಎಂದಳು.

ಮನೆಯ ದೇವರ ಮುಂದೆ ತಟ್ಟೆಯಲ್ಲಿ ಎರಡು ಬಿಲ್ಲೆ ಇಟ್ಟು ಹಚ್ಚಿದರು. ಗಂಟೆ ಬಾರಿಸಿ, ಆರತಿ ಎತ್ತಿ, ತಟ್ಟೆಯನ್ನು ಇಂದಿರಮ್ಮನ ಮುಂದೆ ತಂದು ಹಿಡಿದರು. ಆಕೆ ಎಂದಿನ ರೂಢಿಯಂತೆ ಎರಡು ಕೈಯನ್ನೂ ಉರಿಯ ಮೇಲೆ ತಂದರು. ಅಂಗೈ ಕೆಳಮುಖ ಮಾಡಲು ಮಣಿಕಟ್ಟು ತಿರುಗಲಿಲ್ಲ. ಬೆರಳು ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿ ಕೈ ಇಳಿಸಿದರು.

ಶ್ರೀಕಂಠಯ್ಯ ತಟ್ಟೆಯನ್ನು ಕೆಳಗಿಟ್ಟರು. ತಮ್ಮ ಎರಡು ಅಂಗೈಯನ್ನೂ ಉರಿಗೆ ಕಾಸಿ, ತಂದು ಆಕೆಯ ಕಣ್ಣಿನ ಮೇಲೆ ಇಟ್ಟರು. ಇಟ್ಟ ಕೈ ತೆಗೆಯಲಿಲ್ಲ. ಅಂಗೈಯೊಳಗೆ ಆಕೆಯ ಕಣ್ಣು ಒದ್ದೆಯಾಗುತ್ತಿರುವುದು ಅವರಿಗೆ ಗೊತ್ತಾಗುತ್ತಿತ್ತು. ಕರ್ಪೂರ ಉರಿದು ಮುಗಿಯಿತು.

"ಬಂದ್ರಾ?" ಎಂದರು ಇಂದಿರಮ್ಮ, ಮುಚ್ಚಿದ ಕಣ್ಣಿನಲ್ಲೇ.

"ಬಂದೆ ಕಣೆ," ಎಂದರು ಶ್ರೀಕಂಠಯ್ಯ.